‘ನೀರು’ ಎಂಬ ಮಾತಿನ ಎರಡು ಕೆಲಸ

ಆಗತಾನೆ ಮಾತು ಕಲಿಯುತ್ತಿರುವ ಮಗು ‘ನೀರು’ ಎನ್ನುತ್ತದೆ. ಬಾಯಾರಿ ಹಾಗೆ ಅಂದರೆ ಯಾರೋ ಲೋಟ ತಂದು ಬಾಯಿಗೆ ಹಿಡಿಯುತ್ತಾರೆ. ಬಸ್ಸಿನ ಕಿಟಕಿಯಿಂದ ಕೆರೆ ಕಂಡು ಹಾಗೆ ಅಂದರೆ ಲೋಟ ಬರುವುದಿಲ್ಲ, ‘ಹೌದು ಕಂದ, ಎಷ್ಟೊಂದು ನೀರು ನೋಡು’ ಎಂಬ ಮಾತು ಬರುತ್ತದೆ. ನಿಘಂಟಿಗೆ ಇವೆರಡೂ ಒಂದೇ ಪದ, ವ್ಯಾಕರಣಕ್ಕೂ ಒಂದೇ ನಾಮಪದ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ 1957ರಲ್ಲಿ ಪ್ರಕಟಿಸಿದ ‘ವರ್ಬಲ್ ಬಿಹೇವಿಯರ್’ ಎಂಬ ಪುಸ್ತಕದಲ್ಲಿ ಇದನ್ನು ಒಪ್ಪಲಿಲ್ಲ. ಬಾಯಿಂದ ಹೊರಟ ಸದ್ದು ಒಂದೇ ಇರಬಹುದು, ಆದರೆ ಅದನ್ನು ಹೊರಡಿಸಿದ ಕಾರಣ ಬೇರೆ, ಅದಕ್ಕೆ ದೊರೆತ ಫಲ ಬೇರೆ, ಆದ್ದರಿಂದ ಇವು ಎರಡು ಬೇರೆ ಬೇರೆ ವರ್ತನೆಗಳು ಎಂದರು. ಮೊದಲನೆಯದಕ್ಕೆ ಮ್ಯಾಂಡ್ ಎಂದೂ ಎರಡನೆಯದಕ್ಕೆ ಟ್ಯಾಕ್ಟ್ ಎಂದೂ ಹೆಸರಿಟ್ಟರು. ಮೇಲ್ನೋಟಕ್ಕೆ ಇದು ಹೆಸರಿಡುವ ಚಪಲದಂತೆ ಕಾಣುತ್ತದೆ. ಆದರೆ ಇದರೊಳಗೆ ಪರೀಕ್ಷೆಗೆ ಒಡ್ಡಬಹುದಾದ ಒಂದು ಮಾತು ಅಡಗಿದೆ. ಇವು ನಿಜವಾಗಿಯೂ ಎರಡಾಗಿದ್ದರೆ, ಒಂದನ್ನು ಕಲಿಸಿದ ಮಾತ್ರಕ್ಕೆ ಇನ್ನೊಂದು ತಾನಾಗಿ ಬರಬಾರದು. ಮಾತನ್ನು ವರ್ತನೆಯಾಗಿ ಕಂಡ ಸಂಶೋಧನೆಯ ಕಥೆಯನ್ನು ಸಾಮಾನ್ಯವಾಗಿ ಸ್ಕಿನ್ನರ್ ಮತ್ತು ಭಾಷಾವಿಜ್ಞಾನಿ ಚಾಮ್‌ಸ್ಕಿ ನಡುವಿನ ಜಗಳವಾಗಿ ಹೇಳುತ್ತಾರೆ, ಒಬ್ಬರು ಗೆದ್ದರು ಇನ್ನೊಬ್ಬರು ಸೋತರು ಎಂದು ಮುಗಿಸುತ್ತಾರೆ. ಆ ಜಗಳಕ್ಕಿಂತ ಈ ಪುಟ್ಟ ಊಹೆಯ ಜಾಡು ಹಿಡಿದು ಹೋದರೆ ಈ ಕ್ಷೇತ್ರ ಏನನ್ನು ಸಾಧಿಸಿತು, ಎಲ್ಲಿ ಎಡವಿತು ಎಂಬುದು ಹೆಚ್ಚು ಸ್ಪಷ್ಟವಾಗುತ್ತದೆ ಎಂಬುದು ನನ್ನ ವಾದ.

ಪುಸ್ತಕ ಹುಟ್ಟಿದ್ದು ಒಂದು ಊಟದ ಮೇಜಿನಲ್ಲಿ. 1934ರಲ್ಲಿ ಹಾರ್ವರ್ಡ್‌ನಲ್ಲಿ ಯುವ ಸ್ಕಿನ್ನರ್ ಪಕ್ಕದಲ್ಲಿ ತತ್ತ್ವಜ್ಞಾನಿ ಆಲ್‌ಫ್ರೆಡ್ ನಾರ್ತ್ ವೈಟ್‌ಹೆಡ್ ಕುಳಿತಿದ್ದರು. ಮನುಷ್ಯನ ನಡವಳಿಕೆಯನ್ನೆಲ್ಲ ನಿಮ್ಮ ವರ್ತನಾವಾದ ವಿವರಿಸಬಹುದು, ಮಾತೊಂದನ್ನು ಬಿಟ್ಟು, ಎಂಬುದು ಹಿರಿಯರ ನಿಲುವು. ಈ ಮೇಜಿನ ಮೇಲೆ ಯಾವ ಕಪ್ಪು ಚೇಳೂ ಬೀಳುತ್ತಿಲ್ಲ ಎಂದು ನಾನು ಈಗ ಹೇಳಿದರೆ ಹಾಗೇಕೆ ಹೇಳಿದೆನೆಂದು ವಿವರಿಸಿ ನೋಡೋಣ ಎಂದು ಅವರು ಸವಾಲು ಹಾಕಿದರು. ಮರುದಿನ ಬೆಳಿಗ್ಗೆಯೇ ಸ್ಕಿನ್ನರ್ ಪುಸ್ತಕದ ರೂಪರೇಷೆ ಬರೆಯತೊಡಗಿದರಂತೆ. ಮುಗಿಯಲು 23 ವರ್ಷ ಹಿಡಿಯಿತು. ನಡುವೆ ಯುದ್ಧ ಬಂತು, 1947ರಲ್ಲಿ ಹಾರ್ವರ್ಡ್‌ನ ವಿಲಿಯಂ ಜೇಮ್ಸ್ ಉಪನ್ಯಾಸಗಳು ಬಂದವು. ಆ ಉಪನ್ಯಾಸಗಳ ಪ್ರತಿ ಅಚ್ಚಾಗುವ ಮೊದಲೇ ವರ್ಷಗಟ್ಟಲೆ ಕೈಯಿಂದ ಕೈಗೆ ಓಡಾಡಿತು. ಸ್ಕಿನ್ನರ್ ಮೊದಲು ಆಗಬೇಕೆಂದುಕೊಂಡದ್ದು ಕತೆಗಾರ, ಕಾಲೇಜಿನಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ. ಅದರ ಗುರುತು ಪುಸ್ತಕದ ತುಂಬ ಇದೆ: ಉದಾಹರಣೆಗಳು ನಾಟಕ, ಕಾವ್ಯ, ಬೀದಿಮಾತುಗಳಿಂದ ಬಂದಿವೆ, ಪ್ರಯೋಗಗಳಿಂದಲ್ಲ. ಚೇಳಿನ ಸವಾಲಿಗೆ ಕೊನೆಯಲ್ಲಿ ಅವರು ಕೊಟ್ಟ ಉತ್ತರವನ್ನೇ ನೋಡಿ. ಆ ಕಪ್ಪು ಚೇಳು ಬಹುಶಃ ವರ್ತನಾವಾದವೇ ಇದ್ದೀತು, ವೈಟ್‌ಹೆಡ್ ಅದನ್ನು ಮೇಜಿನಿಂದ ದೂರ ಇಡುತ್ತಿದ್ದರು ಎನ್ನುತ್ತಾರೆ. ಓದಲು ಸೊಗಸಾಗಿದೆ. ಆದರೆ ಅದು ಸುಳ್ಳಾಗಿದ್ದರೆ ನಮಗೆ ತಿಳಿಯುವ ಬಗೆ ಯಾವುದು? ಪುಸ್ತಕದ ಬಲ, ದೌರ್ಬಲ್ಯ ಎರಡೂ ಈ ಒಂದು ಉತ್ತರದಲ್ಲಿವೆ.

ಪುಸ್ತಕದ ವಿಂಗಡಣೆಯನ್ನು ಕನ್ನಡದ ಮನೆಯೊಳಗಿಟ್ಟು ನೋಡುವುದು ಒಳ್ಳೆಯದು. ‘ಅತ್ತೆ ಅನ್ನು ಪುಟ್ಟಾ’ ಅಂದಾಗ ಮಗು ‘ಅತ್ತೆ’ ಅಂದರೆ ಅದು ಕೇಳಿದ್ದನ್ನು ಮರುನುಡಿಯುವ ಎಕೋಯಿಕ್. ‘ಎರಡೆರಡ್ಲ’ ಎಂದೊಡನೆ ‘ನಾಲ್ಕು’ ಎಂದು ಬಾಯಿಗೆ ಬಂದರೆ ಅದು ಇಂಟ್ರಾವರ್ಬಲ್, ಒಂದು ಮಾತು ಇನ್ನೊಂದನ್ನು ಎಳೆದು ತರುವುದು. ಮಗ್ಗಿ ಒಪ್ಪಿಸುವಾಗ ಎದುರಿಗೆ ನಾಲ್ಕು ವಸ್ತುಗಳು ಇರಬೇಕಾಗಿಲ್ಲ. ಅಚ್ಚಾದ ಅಕ್ಷರ ನೋಡಿ ಓದುವುದಕ್ಕೆ ಬೇರೆ ಹೆಸರು, ಕೇಳಿ ಬರೆಯುವುದಕ್ಕೆ ಬೇರೆ ಹೆಸರು. ಇವೆಲ್ಲಕ್ಕಿಂತ ಕುತೂಹಲದ್ದು ಆಟೊಕ್ಲಿಟಿಕ್, ಅಂದರೆ ಆಡುವವರು ತಮ್ಮದೇ ಮಾತಿನ ಬಗ್ಗೆ ಕೇಳುಗರಿಗೆ ಕೊಡುವ ಸೂಚನೆ. ಇಂಗ್ಲಿಷಿನಲ್ಲಿ ಇದಕ್ಕೆ ಹೆಚ್ಚಾಗಿ ಬೇರೆ ಪದ ಅಥವಾ ಪದಗುಚ್ಛ ಬೇಕು. ಕನ್ನಡದಲ್ಲಿ ಒಂದು ಪ್ರತ್ಯಯ ಸಾಕು. ‘ಮಳೆ ಬಂತು’ ಅಂದರೆ ಕಂಡದ್ದು, ‘ಮಳೆ ಬಂತಂತೆ’ ಅಂದರೆ ಕೇಳಿದ್ದು, ‘ಮಳೆ ಬಂತೇನೋ’ ಅಂದರೆ ಊಹಿಸಿದ್ದು. ಸುದ್ದಿ ಒಂದೇ, ಅದು ನನ್ನ ಬಾಯಿಗೆ ಬಂದ ದಾರಿ ಬೇರೆ, ಆ ದಾರಿಯನ್ನು ಕೇಳುಗರಿಗೆ ತಿಳಿಸುವುದೇ ‘ಅಂತೆ’ಯ ಕೆಲಸ. ಕರೆಯುವ ಮತ್ತು ಹೆಸರಿಸುವ ಕೆಲಸಗಳನ್ನೂ ನಮ್ಮ ನುಡಿ ಒಂದಷ್ಟು ಬೇರ್ಪಡಿಸಿಯೇ ಇಟ್ಟಿದೆ. ‘ಅಮ್ಮ’ ಎಂದು ಫೋಟೊ ತೋರಿಸುವುದಕ್ಕೂ ‘ಅಮ್ಮಾ’ ಎಂದು ಎಳೆದು ಕೂಗುವುದಕ್ಕೂ ಇರುವ ಅಂತರ ಎಳೆ ಮಗುವಿಗೂ ಗೊತ್ತು.

ಮಾತನ್ನು ಕೆಲಸದಿಂದ ಅಳೆಯುವ ಯೋಚನೆ ಹಾರ್ವರ್ಡ್‌ನಲ್ಲೇ ಮೊದಲು ಹುಟ್ಟಿದ್ದೂ ಅಲ್ಲ. ಪೂರ್ವಮೀಮಾಂಸೆಯಲ್ಲಿ, ವಿಶೇಷವಾಗಿ ಪ್ರಭಾಕರನ ಪರಂಪರೆಯಲ್ಲಿ, ಮಗು ಪದಗಳ ಅರ್ಥ ಕಲಿಯುವುದು ವೃದ್ಧವ್ಯವಹಾರದಿಂದ. ಹಿರಿಯನೊಬ್ಬ ‘ಹಸುವನ್ನು ತಾ’ ಎನ್ನುತ್ತಾನೆ, ಇನ್ನೊಬ್ಬ ತರುತ್ತಾನೆ, ಮಗು ಪಕ್ಕದಲ್ಲಿ ನಿಂತು ನೋಡುತ್ತದೆ. ‘ಕುದುರೆಯನ್ನು ತಾ’, ‘ಹಸುವನ್ನು ಕಟ್ಟು’ ಎಂದು ಮಾತು ಬದಲಾದಂತೆ ಕ್ರಿಯೆಯೂ ಬದಲಾಗುವುದನ್ನು ಕಂಡು ಯಾವ ಪದಕ್ಕೆ ಯಾವ ಅರ್ಥ ಎಂದು ಬಿಡಿಸಿಕೊಳ್ಳುತ್ತದೆ. ಆಜ್ಞೆಯನ್ನೂ ಅದರಿಂದಾದ ಕ್ರಿಯೆಯನ್ನೂ ಅರ್ಥದ ಮೂಲದಲ್ಲಿಡುವ ಈ ಚಿತ್ರ ಸ್ಕಿನ್ನರ್‌ಗೆ ಹತ್ತಿರದ್ದು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಮೀಮಾಂಸಕರ ಮಗು ಕೇಳುಗ, ಸುಮ್ಮನೆ ನೋಡುತ್ತಲೇ ಕಲಿಯುತ್ತದೆ. ಸ್ಕಿನ್ನರ್ ಅವರ ಮಗು ಆಡುಗ, ಆಡಿ ಫಲ ಪಡೆದು ಕಲಿಯುತ್ತದೆ. ಕೇಳುಗನನ್ನು ಹೀಗೆ ಹಿಂದಕ್ಕೆ ತಳ್ಳಿದ್ದು ಮುಂದೆ ಇಡೀ ಕ್ಷೇತ್ರಕ್ಕೆ ದುಬಾರಿಯಾಯಿತು. ಆ ಸಂಗತಿಗೆ ಮತ್ತೆ ಬರುತ್ತೇನೆ.

1959ರಲ್ಲಿ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ನೋಮ್ ಚಾಮ್‌ಸ್ಕಿ ಅವರ ವಿಮರ್ಶೆ ಬಂತು. ಆ ವಿಮರ್ಶೆ ಪುಸ್ತಕಕ್ಕಿಂತ ಹೆಚ್ಚು ಜನರನ್ನು ತಲುಪಿತು. ಅದರ ತಿರುಳನ್ನು ನ್ಯಾಯವಾಗಿ ಹೇಳಬೇಕು. ಪ್ರಯೋಗಾಲಯದಲ್ಲಿ ‘ಉದ್ದೀಪನ’, ‘ಪುನರ್ಬಲನ’ ಎಂಬ ಪದಗಳಿಗೆ ಖಚಿತ ಅರ್ಥವಿದೆ. ಇಲಿಯ ಮುಂದೆ ದೀಪ ಹತ್ತಿತೋ ಇಲ್ಲವೋ, ಕಾಳು ಬಿತ್ತೋ ಇಲ್ಲವೋ, ಯಾರು ಬೇಕಾದರೂ ನೋಡಿ ಹೇಳಬಹುದು. ಅದೇ ಪದಗಳನ್ನು ಮಾತಿಗೆ ಹಚ್ಚಿದಾಗ ಖಚಿತತೆ ಹೋಗಿ ಹೆಸರು ಮಾತ್ರ ಉಳಿಯುತ್ತದೆ ಎಂಬುದು ಅವರ ದೂರು. ಒಂದು ಚಿತ್ರಪಟ ನೋಡಿ ಒಬ್ಬರು ‘ಡಚ್ಚರದು’ ಅನ್ನಬಹುದು, ಇನ್ನೊಬ್ಬರು ‘ಗೋಡೆಯ ಬಣ್ಣಕ್ಕೆ ಒಪ್ಪುವುದಿಲ್ಲ’ ಅನ್ನಬಹುದು, ಮತ್ತೊಬ್ಬರು ‘ತೀರ ಕೆಳಗೆ ತೂಗುಹಾಕಿದ್ದೀರಿ’ ಅನ್ನಬಹುದು. ಮಾತು ಬಂದ ಮೇಲೆಯೇ ಉದ್ದೀಪನ ಯಾವುದಿತ್ತೆಂದು ಗೊತ್ತಾಗುವುದಾದರೆ ಅದು ವಿವರಣೆಯಾಗದು, ಮಾತನ್ನೇ ಇನ್ನೊಂದು ಬಗೆಯಲ್ಲಿ ಹೇಳಿದಂತಾಗುತ್ತದೆ. ಈ ಆಕ್ಷೇಪಣೆಯಲ್ಲಿ ಹುರುಳಿದೆ. ಸ್ಕಿನ್ನರ್ ಇದಕ್ಕೆ ಉತ್ತರ ಬರೆಯಲೇ ಇಲ್ಲ. ಕೆಲವು ಪುಟ ಓದಿ ಇದು ನನ್ನ ಪುಸ್ತಕದ ಬಗ್ಗೆಯಲ್ಲ ಎಂದು ಬದಿಗಿಟ್ಟರು. ಉತ್ತರ ಬಂದದ್ದು 1970ರಲ್ಲಿ, ಕೆನೆತ್ ಮ್ಯಾಕ್‌ಕಾರ್ಕ್ವೊಡೇಲ್ ಅವರಿಂದ. ಪುಸ್ತಕ ಒಂದು ಊಹೆಯಷ್ಟೆ, ಅದು ಸಾಬೀತಾಗಿಲ್ಲ ಎಂಬುದನ್ನೇ ತಪ್ಪೆಂದು ಎಣಿಸುವುದು ಸರಿಯಲ್ಲ, ಪರೀಕ್ಷಿಸಿ ನೋಡಬೇಕು ಎಂಬುದು ಅವರ ನಿಲುವು. ಮಾತು ಸರಿಯೇ. ಆದರೆ ಪರೀಕ್ಷೆ ಎಲ್ಲಿತ್ತು?

ಇಲ್ಲವೇ ಇಲ್ಲ ಎನ್ನುವಂತಿರಲಿಲ್ಲ. 1955ರಲ್ಲಿ ಜೋಯೆಲ್ ಗ್ರೀನ್‌ಸ್ಪೂನ್ ಜನರಿಗೆ ಬಾಯಿಗೆ ಬಂದ ಪದಗಳನ್ನು ಹೇಳುತ್ತಾ ಹೋಗಿ ಎಂದು, ಅವರು ಬಹುವಚನ ಆಡಿದಾಗಲೆಲ್ಲ ‘ಹ್ಞೂಂ’ಗುಟ್ಟಿದರು. ಬಹುವಚನಗಳು ಹೆಚ್ಚಿದವು. ಇದರ ಬೆನ್ನಿಗೆ ಇಂಥ ಅಧ್ಯಯನಗಳ ಒಂದು ಸುಗ್ಗಿಯೇ ಆಯಿತು. 1960ರ ದಶಕದಲ್ಲಿ ಅದು ಇನ್ನೊಂದು ಪ್ರಶ್ನೆಗೆ ತಗಲಿ ನಿಂತಿತು. ಪ್ರಯೋಗಕ್ಕೆ ಕುಳಿತವರು ಗುಟ್ಟು ಊಹಿಸಿ ಹಾಗೆ ನಡೆದುಕೊಂಡರೋ ಅಥವಾ ಅರಿವಿಲ್ಲದೆಯೇ ಅವರ ಮಾತು ಬದಲಾಯಿತೋ? ಚಾಮ್‌ಸ್ಕಿ ವಿಮರ್ಶೆ ಬಂದ 1959ರಲ್ಲೇ ಹ್ಯಾರಿಯೆಟ್ ರೈನ್‌ಗೋಲ್ಡ್ ಮತ್ತು ಸಂಗಡಿಗರು ಮೂರು ತಿಂಗಳ ಹಸುಳೆಗಳು ದನಿ ಮಾಡಿದೊಡನೆ ನಕ್ಕು, ಲೊಚಗುಟ್ಟಿ, ಹೊಟ್ಟೆ ಮುಟ್ಟಿದರೆ ದನಿ ಹೆಚ್ಚುತ್ತದೆಂದು ತೋರಿಸಿದ್ದರು. ಬಹಳ ಕಾಲದ ನಂತರ, 2003ರಲ್ಲಿ, ಮೈಕೆಲ್ ಗೋಲ್ಡ್‌ಸ್ಟೀನ್ ಮತ್ತಿಬ್ಬರು ಎಂಟು ತಿಂಗಳ ಕೂಸುಗಳಲ್ಲಿ ಇನ್ನೂ ಸೂಕ್ಷ್ಮವಾದದ್ದನ್ನು ಕಂಡರು. ತಾಯಿ ಕೂಸಿನ ತೊದಲಿಗೆ ತಕ್ಕ ಹೊತ್ತಿಗೆ ಮುಗುಳ್ನಕ್ಕು ಹತ್ತಿರ ಸರಿದರೆ, ತೊದಲಿನ ಎಣಿಕೆ ಹೆಚ್ಚುವುದಷ್ಟೇ ಅಲ್ಲದೆ ಅದರ ಗುಣವೂ ಮಾತಿನ ಉಚ್ಚಾರಕ್ಕೆ ಹತ್ತಿರವಾಗುತ್ತದೆ. ಅದೇ ನಗು, ಅದೇ ಸ್ಪರ್ಶ ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ ಹಾಗಾಗುವುದಿಲ್ಲ. ಇವರು ಸ್ಕಿನ್ನರ್ ಪಂಥದವರಲ್ಲ. ಹಾಗಾಗಿಯೇ ಈ ಸಾಕ್ಷ್ಯಕ್ಕೆ ತೂಕ ಹೆಚ್ಚು.

ಆದರೆ ಪುಸ್ತಕದ ಮುಖ್ಯ ವಾದ ಇದಾವುದರಿಂದಲೂ ಪರೀಕ್ಷೆಗೊಳಗಾಗಲಿಲ್ಲ. 1984ರಲ್ಲಿ ನಾಲ್ವರು ಸಂಶೋಧಕರು ಲೆಕ್ಕ ಹಾಕಿದರು. 1957ರಿಂದ 1983ರವರೆಗೆ ಪುಸ್ತಕವನ್ನು ಉಲ್ಲೇಖಿಸಿದ ಎಂಟುನೂರಕ್ಕೂ ಹೆಚ್ಚು ಬರಹಗಳಲ್ಲಿ ಅದರ ವಿಂಗಡಣೆಯನ್ನು ನಿಜವಾಗಿ ಪ್ರಯೋಗಕ್ಕೆ ಬಳಸಿದವು ಮೂವತ್ತರ ಆಸುಪಾಸು ಮಾತ್ರ. ಉಳಿದವರು ಹೊಗಳಿದ್ದರು, ತೆಗಳಿದ್ದರು, ಹೆಸರು ಹೇಳಿ ಮುಂದೆ ಹೋಗಿದ್ದರು. ಈ ಬರಕ್ಕೆ ಚಾಮ್‌ಸ್ಕಿಯೇ ಕಾರಣ ಎಂಬುದು ಅರ್ಧಸತ್ಯ. ವರ್ತನಾ ವಿಶ್ಲೇಷಕರಿಗೆ 1958ರಿಂದ ಪ್ರಯೋಗಗಳಿಗೆ, 1968ರಿಂದ ಅನ್ವಯಕ್ಕೆ ಸ್ವಂತ ಪತ್ರಿಕೆಗಳಿದ್ದವು, ಭಾಷಾವಿಜ್ಞಾನಿಗಳ ಅಪ್ಪಣೆ ಬೇಕಿರಲಿಲ್ಲ. ಬೇಕಾಗಿದ್ದದ್ದು ಉಪಕರಣ. ಮ್ಯಾಂಡ್ ಎಂದರೆ ಒಂದು ಕೊರತೆಯಿಂದ ಹುಟ್ಟುವ ಮಾತು. ಪಾರಿವಾಳಕ್ಕೆ ಕಾಳಿನ ಕೊರತೆ ಮಾಡುವುದು ಸುಲಭ, ತೂಕ ಇಳಿಸಿ ಪೆಟ್ಟಿಗೆಯಲ್ಲಿಟ್ಟರಾಯಿತು. ಆದರೆ ಎಲ್ಲ ಹಕ್ಕಿಗಳೂ ಸದಾ ಹಸಿದೇ ಇರುವ ಪ್ರಯೋಗಾಲಯದಲ್ಲಿ ಹಸಿವು ಒಂದು ಬದಲಾಗುವ ಅಂಶವೆಂದು ಯಾರ ಕಣ್ಣಿಗೂ ಬೀಳುವುದಿಲ್ಲ. 1980ರಲ್ಲಿ ರಾಬರ್ಟ್ ಎಪ್‌ಸ್ಟೀನ್, ರಾಬರ್ಟ್ ಲಾಂಜಾ ಮತ್ತು ಸ್ಕಿನ್ನರ್ ಸೇರಿ ಜಾಕ್, ಜಿಲ್ ಎಂಬ ಎರಡು ಪಾರಿವಾಳಗಳ ನಡುವೆ ಬಣ್ಣ ಕೇಳುವ, ಹೇಳುವ, ಧನ್ಯವಾದ ತಿಳಿಸುವ ‘ಸಂಭಾಷಣೆ’ಯನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಚಿಂಪಾಂಜಿಗಳು ಚಿಹ್ನೆಗಳಲ್ಲಿ ಮಾತಾಡುತ್ತವೆ ಎಂಬ ಆ ಕಾಲದ ಉತ್ಸಾಹಕ್ಕೆ ಅದು ಒಳ್ಳೆಯ ಚಾಟಿಯೇಟು. ಮಗುವಿನ ‘ನೀರು’ ಕುರಿತು ಮಾತ್ರ ಅದರಿಂದ ತಿಳಿದದ್ದು ಕಡಿಮೆ.

ಗಂಟು ಬಿಚ್ಚಿದ್ದು ಕಲಮಜೂ ಎಂಬ ಊರಿನ ವೆಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಜಾಕ್ ಮೈಕೆಲ್ ವರ್ಷಗಟ್ಟಲೆ ಈ ಪುಸ್ತಕವನ್ನು ಪಾಠ ಮಾಡುತ್ತಿದ್ದರು. 1982ರಲ್ಲಿ ಅವರು ಬರೆದ ಲೇಖನ ಒಂದು ಸರಳ ಭೇದವನ್ನು ಖಚಿತಗೊಳಿಸಿತು. ‘ಕೇಳಿದರೆ ಸಿಗುತ್ತದೆ’ ಎಂದು ಸೂಚಿಸುವ ಸನ್ನಿವೇಶ ಬೇರೆ, ‘ಅದು ಬೇಕು’ ಎನ್ನಿಸುವ ಸನ್ನಿವೇಶ ಬೇರೆ. ಅಂಗಡಿ ತೆರೆದಿರುವುದು ಮೊದಲನೆಯದು, ಮನೆಯಲ್ಲಿ ಸಕ್ಕರೆ ಮುಗಿದಿರುವುದು ಎರಡನೆಯದು. ಎರಡನೆಯದನ್ನು ಪ್ರಯೋಗಕಾರರೇ ಉಂಟುಮಾಡಬಹುದು. ಯಾರನ್ನೂ ಹಸಿವಿನಲ್ಲಿಡಬೇಕಾಗಿಲ್ಲ, ಸಕ್ಕರೆ ಡಬ್ಬವನ್ನು ಖಾಲಿ ಮಾಡಿಟ್ಟರೆ ಸಾಕು. ಅದೇ ವರ್ಷ ಅವರ ಶಿಷ್ಯ ಮಾರ್ಕ್ ಸಂಡ್‌ಬರ್ಗ್ ಆರಂಭಿಸಿದ ಒಂದು ಪುಟ್ಟ ಸುದ್ದಿಪತ್ರ 1985ರಲ್ಲಿ ‘ದಿ ಅನಾಲಿಸಿಸ್ ಆಫ್ ವರ್ಬಲ್ ಬಿಹೇವಿಯರ್’ ಎಂಬ ನಿಯತಕಾಲಿಕವಾಯಿತು. ನನ್ನ ಲೆಕ್ಕದಲ್ಲಿ ಈ ಕ್ಷೇತ್ರದ ಹುಟ್ಟಿದ ವರ್ಷ 1957 ಅಲ್ಲ, 1982.

ಬಳಿಕ ಪ್ರಯೋಗಗಳು ಬೇಗ ಬೇಗ ಬಂದವು. 1985ರಲ್ಲಿ ಲಮಾರ್ ಮತ್ತು ಹಾಲೆಂಡ್ ಶಾಲೆಗಿನ್ನೂ ಸೇರದ ಮಕ್ಕಳಿಗೆ ‘ಎಡಗಡೆ’, ‘ಬಲಗಡೆ’ ಎಂಬ ಮಾತುಗಳನ್ನು ಕಲಿಸಿದರು. ಕೆಲವರಿಗೆ ವಸ್ತುವನ್ನು ಎಲ್ಲಿಡಬೇಕೆಂದು ಕೇಳುವ ಮಾತಾಗಿ, ಕೆಲವರಿಗೆ ಅದು ಎಲ್ಲಿದೆ ಎಂದು ಹೇಳುವ ಮಾತಾಗಿ. ‘ಎಡಗಡೆ ಇಡು’ ಎಂದು ಕೇಳಲು ಕಲಿತ ಮಕ್ಕಳು ‘ಎಲ್ಲಿದೆ?’ ಎಂದರೆ ತಡವರಿಸಿದರು. ಹೇಳಲು ಕಲಿತವರಿಗೆ ಕೇಳಲು ಬರಲಿಲ್ಲ. 1987ರಲ್ಲಿ ಹಾಲ್ ಮತ್ತು ಸಂಡ್‌ಬರ್ಗ್ ಬುದ್ಧಿಮಾಂದ್ಯತೆಯಿರುವ ಇಬ್ಬರು ಕಿವುಡ ವಿದ್ಯಾರ್ಥಿಗಳೊಂದಿಗೆ ಕೆಲಸ ಮಾಡಿದರು. ಇನ್‌ಸ್ಟಂಟ್ ಕಾಫಿ ಮಾಡುವಂಥ ಕೆಲಸಗಳನ್ನು ಹಂತ ಹಂತವಾಗಿ ಕಲಿಸಿ, ನಡುವೆ ಬೇಕಾದ ಒಂದು ವಸ್ತುವನ್ನು ಬೇಕೆಂದೇ ಇಲ್ಲವಾಗಿಸಿದರು. ಆ ವಸ್ತುವಿನ ಸಂಜ್ಞೆ ವಿದ್ಯಾರ್ಥಿಗಳಿಗೆ ಗೊತ್ತಿತ್ತು. ತೋರಿಸಿದರೆ ಹೆಸರಿಸುತ್ತಿದ್ದರು. ಆದರೆ ಅದು ಇಲ್ಲದೆ ಕೆಲಸ ನಿಂತಾಗ ಕೈ ಸುಮ್ಮನಿರುತ್ತಿತ್ತು. ಬೇಕಾದಾಗಲೇ ಕೇಳುವುದನ್ನು ಬೇರೆಯಾಗಿ ಕಲಿಸಬೇಕಾಯಿತು. ಹತ್ತೊಂಬತ್ತನೆಯ ಶತಮಾನದಲ್ಲೇ ಇಂಗ್ಲೆಂಡಿನ ನರವೈದ್ಯ ಹ್ಯೂಲಿಂಗ್ಸ್ ಜಾಕ್ಸನ್ ಇದರ ತಿರುಗುಮುರುಗನ್ನು ಕಂಡಿದ್ದರು. ಮಿದುಳಿನ ಪೆಟ್ಟಿನಿಂದ ಮಾತು ಕಳೆದುಕೊಂಡವರು ಕೇಳಿದರೆ ಹೇಳಲಾಗದ ಪದವನ್ನು ಸಿಟ್ಟು ಬಂದಾಗ ಥಟ್ಟನೆ ಆಡಿಬಿಡುತ್ತಿದ್ದರು. ಪದವನ್ನು ಒಂದು ಕಣಜದಲ್ಲಿಟ್ಟ ಕಾಳೆಂದು, ಬೇಕಾದಾಗ ಯಾವ ಕೆಲಸಕ್ಕಾದರೂ ತೆಗೆದು ಬಳಸಬಹುದೆಂದು ತಿಳಿದವರಿಗೆ ಇವೆಲ್ಲ ಒಗಟು.

ಇದೇ ಹೊತ್ತಿನಲ್ಲಿ ನಡೆದ ಇನ್ನೊಂದು ಅಧ್ಯಯನ ಈ ವಿಂಗಡಣೆಯ ಉಪಯೋಗವನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ. 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ಬೆಳವಣಿಗೆಯ ತೊಂದರೆಯಿದ್ದ ನಾಲ್ವರು ಮಕ್ಕಳ ರಂಪಾಟವನ್ನು ಗಮನಿಸಿದರು. ಕೆಲವರ ರಂಪ ಯಾರೂ ಗಮನಿಸದಿದ್ದಾಗ ಹೆಚ್ಚುತ್ತಿತ್ತು, ಕೆಲವರದು ಪಾಠ ಕಷ್ಟವಾದಾಗ. ಅಂದರೆ ಕೂಗಾಟವೇ ಒಂದು ಮ್ಯಾಂಡ್, ಮಾತಿಲ್ಲದವರ ಬೇಡಿಕೆ. ಗಮನ ಬೇಕಾದವರಿಗೆ ‘ಚೆನ್ನಾಗಿ ಮಾಡ್ತಿದ್ದೀನಾ?’ ಎಂಬರ್ಥದ ಮಾತನ್ನೂ ಕಷ್ಟಪಡುವವರಿಗೆ ‘ಅರ್ಥವಾಗಲಿಲ್ಲ’ ಎಂಬ ಮಾತನ್ನೂ ಕಲಿಸಿದಾಗ ರಂಪ ಇಳಿಯಿತು. ಮಾತುಗಳನ್ನು ಅದಲು ಬದಲು ಮಾಡಿ ಕಲಿಸಿದಾಗ ಇಳಿಯಲಿಲ್ಲ. ಎರಡೂ ಮಾತು ಸಭ್ಯವಾದವೇ, ಎರಡನ್ನೂ ಮಗು ಕಲಿತದ್ದೂ ನಿಜ. ಕೆಲಸಕ್ಕೆ ಬಂದದ್ದು ಕೂಗಾಟದ ಕೆಲಸವನ್ನೇ ಮಾಡುವ ಮಾತು ಮಾತ್ರ. ಚಾಮ್‌ಸ್ಕಿ ಕೇಳಿದ ಪ್ರಶ್ನೆಗೆ, ಮಾತು ಬರುವ ಮೊದಲೇ ಅದರ ಕಾರಣವನ್ನು ಗುರುತಿಸಬಲ್ಲಿರಾ ಎಂಬುದಕ್ಕೆ, ಇದು ಒಂದು ನೇರ ಉತ್ತರ. ಪುಟ್ಟ ವ್ಯಾಪ್ತಿಯ ಉತ್ತರ ನಿಜ, ಆದರೆ ವ್ಯಾಪ್ತಿಯೊಳಗೆ ಗಟ್ಟಿಯಾದದ್ದು.

ಹೀಗೆ ಪುಸ್ತಕಕ್ಕೆ ದೊರೆತ ನಿಜವಾದ ಪ್ರಯೋಗಾಲಯ ಆಟಿಸಂ ಇರುವ ಮಕ್ಕಳ ತರಗತಿ. ಅಲ್ಲಿ ವರ್ತನಾ ಚಿಕಿತ್ಸೆ ಮೊದಲೇ ಇತ್ತು. ಲಾಸ್ ಏಂಜಲೀಸ್‌ನಲ್ಲಿ ಐವರ್ ಲೋವಾಸ್ 1960ರ ದಶಕದಿಂದ ಅನುಕರಣೆಯ ಮೂಲಕ ಮಾತು ಕಲಿಸುತ್ತಿದ್ದರು. 1987ರಲ್ಲಿ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಶಾಲೆಯ ಮಟ್ಟ ಮುಟ್ಟಿದರೆಂದು ವರದಿ ಮಾಡಿ ಹೆಸರಾದರು. ಮಕ್ಕಳನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಿರಲಿಲ್ಲ, ದಂಡನೆಯನ್ನೂ ಬಳಸಿದ್ದರು ಎಂಬ ಕಾರಣಗಳಿಗೆ ಆ ವರದಿ ಇಂದಿಗೂ ವಿವಾದದಲ್ಲಿದೆ. ಲೋವಾಸ್ ಪದ್ಧತಿಯಲ್ಲಿ ಮಗು ಚಿತ್ರ ನೋಡಿ ‘ಸೇಬು’ ಅಂದರೆ ಸಿಹಿ ಸಿಗುತ್ತದೆ. ಸಂಡ್‌ಬರ್ಗ್ ಮತ್ತು ಪಾರ್ಟಿಂಗ್‌ಟನ್ 1998ರ ಕೈಪಿಡಿಯಲ್ಲಿ ಈ ಕ್ರಮವನ್ನು ತಿರುಗಿಸಿ, ಮೊದಲು ಕೇಳುವುದನ್ನು ಕಲಿಸಿ, ಹೆಸರಿಸುವುದು ಆಮೇಲೆ ಎಂದರು. ಸೇಬು ಬೇಕಾದವರು ‘ಸೇಬು’ ಅಂದರೆ ಸೇಬೇ ಸಿಗಬೇಕು. ಆಟಿಸಂ ಇರುವ ಹಲವು ದೊಡ್ಡವರು ಇಂದು ವರ್ತನಾ ಚಿಕಿತ್ಸೆಯನ್ನು ವಿಧೇಯತೆಯ ತರಬೇತಿ ಎಂದು ಆಕ್ಷೇಪಿಸುತ್ತಾರೆ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೂ ಇದೇ ಪರಂಪರೆಯೊಳಗೆ ಮಗುವಿನ ಬೇಡಿಕೆಯನ್ನು ಪಾಠದ ಮೊದಲ ಪುಟದಲ್ಲಿಟ್ಟದ್ದು ಸ್ಕಿನ್ನರ್ ವಿಂಗಡಣೆಯೇ. ‘ಬೇಡ’ ಎಂಬುದೂ ಒಂದು ಮ್ಯಾಂಡ್, ಅದನ್ನು ಕಲಿಸಿ ಆಮೇಲೆ ಮನ್ನಿಸದಿದ್ದರೆ ತಪ್ಪು ಚಿಕಿತ್ಸಕರದು. ಇನ್ನು ಫಲಿತಾಂಶದ ಬಗ್ಗೆ ಎಚ್ಚರ ಬೇಕು. ಒಂದೊಂದು ಕೌಶಲವನ್ನು ಎರಡು ಮೂರು ಮಕ್ಕಳಲ್ಲಿ ತೋರಿಸುವ ಅಧ್ಯಯನಗಳು ನೂರಾರಿವೆ, ಇಡೀ ಪದ್ಧತಿಯನ್ನು ಇನ್ನೊಂದರೊಡನೆ ತೂಗಿದವು ಬಹಳ ಕಡಿಮೆ. 2005ರಲ್ಲಿ ಈ ಕ್ಷೇತ್ರದೊಳಗಿನವರೇ ಆದ ಕಾರ್ (ಎಡ್ವರ್ಡ್ ಅಲ್ಲ, ಇನ್ನೊಬ್ಬ ಕಾರ್) ಮತ್ತು ಫರ್ತ್ ಪ್ರಚಾರ ಪುರಾವೆಗಿಂತ ಮುಂದೆ ಓಡಿದೆ ಎಂದು ಎಚ್ಚರಿಸಿದರು. ಚಿತ್ರಗಳನ್ನು ಕೊಟ್ಟು ವಸ್ತು ಪಡೆಯುವ ಪೆಕ್ಸ್ ಪದ್ಧತಿಯನ್ನು ಬ್ರಿಟನ್ನಿನಲ್ಲಿ 84 ಮಕ್ಕಳ ಮೇಲೆ ಪರೀಕ್ಷಿಸಿದ 2007ರ ವರದಿಯೂ ಇದನ್ನೇ ಹೇಳಿತು. ಮಕ್ಕಳು ತಾವಾಗಿ ಸಂವಹನಕ್ಕೆ ತೊಡಗುವುದು ಹೆಚ್ಚಿತು, ಮಾತು ಹೆಚ್ಚಲಿಲ್ಲ, ತರಬೇತಿ ನಿಂತ ಮೇಲೆ ಹೆಚ್ಚಿದ್ದೂ ಉಳಿಯಲಿಲ್ಲ.

ಈಗ ಊಹೆಯ ಬಿರುಕಿಗೆ ಬರೋಣ. ‘ನೀರು’ ಎಂದು ಹೆಸರಿಸಲು ಬಂದ ನಾಲ್ಕು ವರ್ಷದ ಮಗುವಿಗೆ ನೀರು ಕೇಳುವುದನ್ನು ಯಾರೂ ಪ್ರತ್ಯೇಕವಾಗಿ ಕಲಿಸುವುದಿಲ್ಲ, ಅಜ್ಜಿಯೊಬ್ಬಳು ಇದನ್ನೆಲ್ಲ ಕೇಳಿದರೆ ನಕ್ಕಾಳು. 2005ರಲ್ಲಿ ಪೇಟರ್ಸ್‌ಡಾಟಿರ್, ಕಾರ್ ಮತ್ತು ಮೈಕೆಲ್ ಶಾಲಾಪೂರ್ವ ಮಕ್ಕಳಿಗೆ ಆಟಿಕೆಯ ತುಂಡುಗಳಿಗೆ ಹೊಸ ಹೆಸರುಗಳನ್ನು ಕಲಿಸಿದಾಗ, ಹೆಸರಿಸಲು ಕಲಿತ ಮಕ್ಕಳು ತುಂಡು ಬೇಕಾದಾಗ ಅದೇ ಹೆಸರಿನಿಂದ ಕೇಳಿದರು. ಕೇಳುವುದರಿಂದ ಹೆಸರಿಸುವತ್ತ ದಾಟುವುದು ಅಷ್ಟು ಸರಾಗವಾಗಲಿಲ್ಲ. ಹಾಗಾದರೆ ಸ್ಕಿನ್ನರ್ ಸೋತಂತೆಯೇ? ಇದೇ ಸಮಯದ ಇನ್ನೊಂದು ಪ್ರಯೋಗ ಉತ್ತರದ ದಿಕ್ಕು ತೋರಿಸುತ್ತದೆ. 2004ರಲ್ಲಿ ನುಝೊಲೊ-ಗೋಮೆಝ್ ಮತ್ತು ಗ್ರೀರ್ ಮಾತು ಹಿಂದುಳಿದ ಮಕ್ಕಳಲ್ಲಿ ಮೊದಲು ಒಂದರಿಂದ ಇನ್ನೊಂದು ಹುಟ್ಟುವುದಿಲ್ಲವೆಂದು ಕಂಡರು. ನಂತರ ಕೆಲವು ಮಾತುಗಳನ್ನು ಒಮ್ಮೆ ಕೇಳಿಕೆಯಾಗಿ, ಒಮ್ಮೆ ಹೆಸರಾಗಿ ಹೆಣೆದು ಹೆಣೆದು ಕಲಿಸಿದರು. ಆಮೇಲೆ ಹೊಸ ಮಾತುಗಳಲ್ಲಿ ಒಂದನ್ನು ಕಲಿಸಿದರೆ ಇನ್ನೊಂದು ತಾನಾಗಿ ಬಂತು. ನನಗೆ ಇದು ಈ ಇಡೀ ಪರಂಪರೆಯ ಅತ್ಯಂತ ಬೆಲೆಯುಳ್ಳ ಫಲಿತಾಂಶಗಳಲ್ಲಿ ಒಂದೆನಿಸುತ್ತದೆ. ‘ಒಂದೇ ಪದ’ ಎಂಬ ಒಗ್ಗಟ್ಟು ಹುಟ್ಟಿನಿಂದ ಬಂದದ್ದಾಗಲೀ ಎಂದೆಂದಿಗೂ ಅಸಾಧ್ಯವಾದದ್ದಾಗಲೀ ಅಲ್ಲ, ಅದು ಒಂದು ವಯಸ್ಸಿನಲ್ಲಿ, ಒಂದು ಬಗೆಯ ಅನುಭವದಿಂದ ಕೂಡಿಬರುವಂಥದ್ದು. ವಯಸ್ಕರು ಪದವೆಂದು ಕರೆಯುವುದು ಮಗುವಿಗೆ ಸಾಧನೆ.

ಹಾಗಾದರೆ ಬೆಸುಗೆ ಹಾಕುವುದು ಯಾವುದು? ಇಲ್ಲಿ ಸ್ಕಿನ್ನರ್ ಹಿಂದೆ ತಳ್ಳಿದ ಕೇಳುಗ ವಾಪಸು ಬರುತ್ತಾನೆ, ಅದೂ ಬೇರೆ ಬಾಗಿಲಿನಿಂದ. 1971ರಲ್ಲಿ ಮರ‍್ರೆ ಸಿಡ್‌ಮನ್ ತೀವ್ರ ಬುದ್ಧಿಮಾಂದ್ಯತೆಯಿದ್ದ 17 ವರ್ಷದ ಹುಡುಗನೊಬ್ಬನಿಗೆ ಓದು ಕಲಿಸುತ್ತಿದ್ದರು. ಪದ ಕೇಳಿ ಚಿತ್ರ ತೋರಿಸಲು, ಚಿತ್ರ ನೋಡಿ ಹೆಸರಿಸಲು ಅವನಿಗೆ ಮೊದಲೇ ಬರುತ್ತಿತ್ತು. ಕೇಳಿದ ಪದಕ್ಕೆ ಅಚ್ಚಾದ ಪದ ಆರಿಸುವುದನ್ನು 20 ಪದಗಳಲ್ಲಿ ಕಲಿಸಿದರು, ಅಷ್ಟೇ. ಆಮೇಲೆ ಪರೀಕ್ಷಿಸಿದರೆ ಅಚ್ಚಿನ ಪದವನ್ನು ಚಿತ್ರಕ್ಕೆ ಹೊಂದಿಸುವುದೂ ಅದನ್ನು ಗಟ್ಟಿಯಾಗಿ ಓದುವುದೂ ಬಂದುಬಿಟ್ಟಿತ್ತು, ಯಾರೂ ಕಲಿಸದೆ. ಕಲಿಸಿದ್ದಕ್ಕಿಂತ ಹೆಚ್ಚು ಹುಟ್ಟಿದ ಈ ಸಂಗತಿಯನ್ನು ಸಿಡ್‌ಮನ್ 1982ರಲ್ಲಿ ಗಣಿತದ ಸಮಾನತೆಯ ಭಾಷೆಯಲ್ಲಿ ಹೇಳಿದರು. ‘ಅ’ಯಿಂದ ‘ಬ’ ಕಲಿತರೆ ‘ಬ’ಯಿಂದ ‘ಅ’ ಬರುವುದು, ‘ಬ’ಯಿಂದ ‘ಕ’ ಕಲಿತಾಗ ‘ಅ’ಗೂ ‘ಕ’ಗೂ ನಂಟು ಬೀಳುವುದು. ಮನುಷ್ಯರಿಗೆ ಸಲೀಸಾದ ಈ ಹಿಮ್ಮುಖ ನಡಿಗೆ ಮಂಗಗಳಲ್ಲಿ, ಬಬೂನ್‌ಗಳಲ್ಲಿ ಕಾಣಿಸಲಿಲ್ಲ. ಹೀಗಾಗಿ ಇದು ಮಾತಿನ ತಾಯಿಬೇರೋ ಅಥವಾ ಮಾತಿನ ಫಲವೋ ಎಂಬ ಪ್ರಶ್ನೆ ಎದ್ದಿತು. 1986ರಲ್ಲಿ ಡೆವನಿ, ಹೇಯ್ಸ್ ಮತ್ತು ನೆಲ್ಸನ್ ಮಾನಸಿಕ ವಯಸ್ಸು ಸಮನಾಗಿದ್ದ ಮಕ್ಕಳಲ್ಲಿ ಮಾತಿದ್ದವರೆಲ್ಲ ಇದನ್ನು ಮಾಡಿದರು, ಮಾತಿಲ್ಲದ ಯಾರೂ ಮಾಡಲಿಲ್ಲ ಎಂದಾಗ ಎರಡನೆಯ ಉತ್ತರ ಗೆದ್ದಂತೆ ಕಂಡಿತು. 1993ರಲ್ಲಿ ಕ್ಯಾಲಿಫೋರ್ನಿಯಾದ ರಿಯೊ ಎಂಬ ಕಡಲಸಿಂಹ, 2000ದಲ್ಲಿ ಬಹಳ ಕಡಿಮೆ ಮಾತಿನ ಕೆಲವು ಯುವಕರು ಇದನ್ನು ಮಾಡಿ ತೋರಿಸಿದಾಗ ಅದು ಮತ್ತೆ ಅಲುಗಾಡಿತು.

ವೇಲ್ಸ್‌ನ ಬ್ಯಾಂಗರ್‌ನಲ್ಲಿ ಹಾರ್ನ್ ಮತ್ತು ಲೋ 1996ರಲ್ಲಿ ಮುಂದಿಟ್ಟ ವಿವರಣೆಯಲ್ಲಿ ಮಗು ತನಗೇ ಕೇಳುಗ. ‘ಚಂಡು’ ಎಂದು ಅಮ್ಮ ಅಂದಾಗ ಅದರತ್ತ ನೋಡಲು ಕಲಿತ ಮಗು, ತಾನೇ ‘ಚಂಡು’ ಅಂದಾಗಲೂ ಅತ್ತ ನೋಡುತ್ತದೆ. ಆಡುವುದು, ಕೇಳುವುದು ಹೀಗೆ ಒಂದು ಸುತ್ತಾಗಿ ಕೂಡಿಕೊಂಡು ‘ಹೆಸರಿಸುವಿಕೆ’ ಹುಟ್ಟುತ್ತದೆ. ಸ್ಟೀವನ್ ಹೇಯ್ಸ್, ಡೆರ್ಮಟ್ ಬಾರ್ನ್ಸ್-ಹೋಮ್ಸ್, ಬ್ರಯಾನ್ ರೋಚ್ 2001ರ ಪುಸ್ತಕದಲ್ಲಿ ಇನ್ನೂ ಮುಂದೆ ಹೋದರು. ಸಮಾನತೆಯೊಂದೇ ಏಕೆ, ದೊಡ್ಡದು ಚಿಕ್ಕದು, ಮೊದಲು ಆಮೇಲೆ ಎಂಬ ಎಲ್ಲ ನಂಟುಗಳೂ ಅನೇಕ ಉದಾಹರಣೆಗಳಿಂದ ಕಲಿತ ಒಂದೇ ಬಗೆಯ ವರ್ತನೆ ಎಂದರು. ಹೊಸ ಹೊಸ ಪಾರಿಭಾಷಿಕ ಪದ ಸೃಷ್ಟಿಸುವ ಅವರ ಉತ್ಸಾಹ ಓದುಗರನ್ನು ದಣಿಸುತ್ತದೆ, ಸ್ಕಿನ್ನರ್ ಹಳಬರೊಂದಿಗೆ ಅವರ ಕಾದಾಟ ಕೆಲವೊಮ್ಮೆ ಪರಿಭಾಷೆಯದೇ ಆಗಿಬಿಡುತ್ತದೆ. ಆದರೆ ಮಾತಿನ ಒಡೆತನ ಬಂದೊಡನೆ ಕಲಿಕೆಯ ಗುಣವೇ ಬದಲಾಗುತ್ತದೆ ಎಂಬ ಅವರೆಲ್ಲರ ಮೂಲ ಹೊಳಹಿಗೆ ಸ್ವತಂತ್ರ ಆಧಾರವಿದೆ. 1985ರಲ್ಲಿ ಬೆಂಟಾಲ್, ಲೋ ಮತ್ತು ಬೀಸ್ಟಿ ಒಂದು ನಿಗದಿತ ಅವಧಿ ಕಳೆದ ಮೇಲಷ್ಟೇ ಬಹುಮಾನ ಸಿಗುವ ವ್ಯವಸ್ಥೆಯನ್ನು ಬೇರೆ ಬೇರೆ ವಯಸ್ಸಿನ ಮಕ್ಕಳಿಗೆ ಒಡ್ಡಿದರು. ವರ್ಷ ತುಂಬದ ಕೂಸುಗಳು ಪ್ರಾಣಿಗಳಂತೆಯೇ ಬಹುಮಾನದ ಹೊತ್ತು ಹತ್ತಿರವಾದಂತೆ ವೇಗ ಹೆಚ್ಚಿಸಿದವು. ಐದು ದಾಟಿದವರು ದೊಡ್ಡವರಂತೆ ನಡೆದುಕೊಂಡರು. ನಡುವಿನವರು ನಡುವೆ.

ಉಳಿದಿರುವ ದೊಡ್ಡ ಆಕ್ಷೇಪಣೆ ವ್ಯಾಕರಣದ್ದು. ರೋಜರ್ ಬ್ರೌನ್ ಮತ್ತು ಕ್ಯಾಮಿಲ್ ಹ್ಯಾನ್ಲನ್ 1970ರಲ್ಲಿ ತೋರಿಸಿದಂತೆ ತಂದೆತಾಯಿ ಮೆಚ್ಚುವುದು ಮಾತಿನ ಸತ್ಯವನ್ನು, ವ್ಯಾಕರಣಶುದ್ಧಿಯನ್ನಲ್ಲ. ಹೊಗಳಿಕೆಯೇ ಕಲಿಕೆಯಾಗಿದ್ದರೆ ನಾವೆಲ್ಲ ತಪ್ಪು ವ್ಯಾಕರಣದಲ್ಲಿ ಸತ್ಯ ನುಡಿಯುವವರಾಗಬೇಕಿತ್ತು. ಎರ್ನ್‌ಸ್ಟ್ ಮೋರ್ಕ್ ಬ್ರೌನ್ ಅವರದೇ ಧ್ವನಿಮುದ್ರಿಕೆಗಳ ಬರಹವನ್ನು ಮತ್ತೆ ಓದಿ, ತಾಯಂದಿರು ಹೊಗಳದಿದ್ದರೂ ಮಗುವಿನ ಮುರುಕು ಮಾತನ್ನು ತಿದ್ದಿ ಮರುನುಡಿಯುವುದು ಎಡೆಬಿಡದೆ ನಡೆಯುತ್ತದೆಂದು ತೋರಿಸಿದರು. ಡೇವಿಡ್ ಪಾಮರ್ ಇನ್ನೊಂದು ದಾರಿ ಸೂಚಿಸಿದರು. ತನ್ನ ಮಾತು ಸುತ್ತಲಿನವರ ಮಾತಿಗೆ ಸರಿಹೊಂದಿತೆಂಬ ಅರಿವೇ ಮಗುವಿಗೆ ಫಲ, ಹೊರಗಿನ ಮೆಚ್ಚುಗೆ ಬೇಕಿಲ್ಲ. 2006ರಲ್ಲಿ ಅನ್ನಾ ರೈಟ್ ಇದನ್ನು ಪರೀಕ್ಷಿಸಿದರು. ಚಿಕ್ಕ ಮಕ್ಕಳ ಮುಂದೆ ಕರ್ಮಣಿ ಪ್ರಯೋಗದ ವಾಕ್ಯಗಳನ್ನು ಆಡಿ ತೋರಿಸಿ, ಹೊಗಳಿಕೆಯನ್ನು ಮಾತ್ರ ಕರ್ತರಿ ವಾಕ್ಯಗಳಿಗೆ ಕೊಟ್ಟರು. ಮಕ್ಕಳು ಹೊಗಳಿಕೆ ಬಿಟ್ಟು ಕರ್ಮಣಿಯತ್ತ ವಾಲಿದರು. (ಈ ಪ್ರಯೋಗವನ್ನು ಕನ್ನಡದ ಮನೆಗೆ ತರಲಾಗದು, ‘ತಿನ್ನಲ್ಪಟ್ಟಿತು’ ಎಂದು ಯಾವ ಅಮ್ಮ ಆಡುತ್ತಾಳೆ?) ಜಾಣ ಪ್ರಯೋಗವೇ ಸರಿ. ಆದರೂ ಹೊಂದಿಕೆಯಾಯಿತೆಂದು ಮಗುವಿಗೆ ಗೊತ್ತಾಗುವುದು ಹೇಗೆ ಎಂಬಲ್ಲಿ ವ್ಯಾಕರಣದ ಪ್ರಶ್ನೆ ಹಿಂಬಾಗಿಲಿನಿಂದ ಮರಳುತ್ತದೆ. ಇಂದಿನ ಕಂಪ್ಯೂಟರ್ ಭಾಷಾ ಮಾದರಿಗಳು ಜನ್ಮಜಾತ ವ್ಯಾಕರಣವಿಲ್ಲದೆಯೇ ನೇರ್ಪಾದ ವಾಕ್ಯ ರಚಿಸುವುದನ್ನು ಕಂಡು ಕೆಲವರು ಸ್ಕಿನ್ನರ್‌ಗೆ ಕೊನೆಗೂ ಜಯವಾಯಿತೆನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಯಾವ ಮಗುವೂ ಒಂದು ಜನ್ಮದಲ್ಲಿ ಕೇಳಲಾರದಷ್ಟು ಪದ ನುಂಗಿ ಕಲಿತ ಆ ಯಂತ್ರ ಬಾಯಾರಿ ‘ನೀರು’ ಅನ್ನುವುದಿಲ್ಲ, ಕೆರೆ ಕಂಡೂ ಅನ್ನುವುದಿಲ್ಲ. ಅದು ಮಗ್ಗಿ ಒಪ್ಪಿಸುವುದರ ಪರಾಕಾಷ್ಠೆ. ವಾಕ್ಯರಚನೆಯನ್ನು ಕೆಲಸಗಳಿಂದ ಬಿಡಿಸಬಹುದೆಂದು ಅದು ತೋರಿಸುತ್ತದಾದರೆ, ಆ ಸಾಕ್ಷ್ಯ ಸ್ಕಿನ್ನರ್ ಪರವಾಗಿಲ್ಲ.

ವಿಂಗಡಣೆಯ ತುದಿಯಲ್ಲಿರುವ ಆಟೊಕ್ಲಿಟಿಕ್ ಮೇಲೆ ನಡೆದ ಪ್ರಯೋಗಗಳು ಮ್ಯಾಂಡ್, ಟ್ಯಾಕ್ಟ್‌ಗಳಿಗೆ ಹೋಲಿಸಿದರೆ ಬೆರಳೆಣಿಕೆಯವು. ಇಂಗ್ಲಿಷಿನಲ್ಲಿ ಅದನ್ನು ಹಿಡಿಯುವುದು ಕಷ್ಟ ಎಂಬುದೂ ಅದಕ್ಕೆ ಒಂದು ಕಾರಣವಿರಬೇಕು. ‘ನನಗನ್ನಿಸುತ್ತದೆ’ ಎಂಬಂಥ ಮಾತನ್ನು ಮಗು ಸುಮ್ಮನೆ ಕಂಠಪಾಠವಾಗಿ ಆಡುತ್ತಿದೆಯೋ, ತನ್ನ ಅರಿವಿನ ಮೂಲವನ್ನು ಸೂಚಿಸುತ್ತಿದೆಯೋ ಹೇಳುವುದು ಸುಲಭವಲ್ಲ. ಕನ್ನಡದ ‘ಅಂತೆ’ ಇದಕ್ಕೆ ಹೇಳಿ ಮಾಡಿಸಿದಂತಿದೆ. ಎರಡು ಡಬ್ಬ ಸಾಕು. ಒಂದರೊಳಗೆ ಮಗುವೇ ಇಣುಕಿ ನೋಡಲಿ, ಇನ್ನೊಂದರಲ್ಲಿ ಏನಿದೆಯೆಂದು ಅಕ್ಕ ಕಿವಿಯಲ್ಲಿ ಹೇಳಲಿ. ಆಮೇಲೆ ಕೋಣೆಗೆ ಬಂದ ಅಜ್ಜ ‘ಇದರೊಳಗೇನಿದೆ, ಅದರೊಳಗೇನಿದೆ?’ ಎಂದು ಕೇಳಲಿ. ಮೊದಲನೆಯದಕ್ಕೆ ‘ಗೋಲಿ ಇದೆ’, ಎರಡನೆಯದಕ್ಕೆ ‘ಬಳಪ ಇದೆಯಂತೆ’ ಎಂಬ ವ್ಯತ್ಯಾಸ ಯಾವ ವಯಸ್ಸಿನಲ್ಲಿ ಬರುತ್ತದೆ, ಅಕ್ಕನ ಮಾತು ಒಮ್ಮೆ ಸುಳ್ಳಾದ ಮೇಲೆ ಬೇಗ ಬರುತ್ತದೆಯೇ, ‘ಇದೆಯಂತೆ’ ಕಲಿತ ಮಗುವಿಗೆ ‘ಇದೆಯೇನೋ’ ತಾನಾಗಿ ಬರುತ್ತದೆಯೇ ಅಥವಾ ‘ಎಡಗಡೆ’, ‘ಬಲಗಡೆ’ ಕಲಿತ ಆ ಮಕ್ಕಳಂತೆ ಅದನ್ನೂ ಬೇರೆಯಾಗಿಯೇ ಕಲಿಯಬೇಕೆ ಎಂದು ಡಬ್ಬಗಳ ಪಕ್ಕ ಕುಳಿತು ಗುರುತು ಹಾಕಿಕೊಳ್ಳಬಹುದು.